ಪರದೆಗೂ ಬೇಕು ಪರದೆ

ಉದಯಗಿರಿಯ ನಮ್ಮ ಬೀದಿಯ ತಾಯಿಯೊಬ್ಬರು, ಗಂಡನ ಮನೆಯಲ್ಲಿ ಮಗಳು ಪಡುತ್ತಿರುವ ಕಷ್ಟ ಹೇಳಿಕೊಂಡು, ವಕೀಲರಿಗೆ ಕೊಡಲು ನನ್ನಿಂದ ಪತ್ರ ಟೈಪ್ ಮಾಡಿಸುತ್ತಿದ್ದರು. ಅವರು ಮನೆಗೆ ಹೋದ ಮೇಲೆ ಪತ್ರ ತಿದ್ದುತ್ತಿದ್ದಾಗ ಅಸರ್ ಅಝಾನ್ ಆಯಿತು. ಹಾಗೆಯೇ ಎದ್ದು ಹೋದೆ. ಕಂಪ್ಯೂಟರ್ ಪರದೆ ತಾನಾಗಿ ಕಪ್ಪಾಗುತ್ತದೆಂಬ ಧೈರ್ಯ. ಕ್ರಿಕೆಟ್ ಸ್ಕೋರ್ ನೋಡಲು ಬಂದ ನೆಂಟರ ಹುಡುಗ ಮೌಸ್ ಅಲುಗಾಡಿಸಿದ. ಪತ್ರವೆಲ್ಲ ಅವನ ಕಣ್ಣೆದುರು! ಮಾರನೆಯ ದಿನ ಆ ತಾಯಿ ಬಾಗಿಲಲ್ಲೇ ನಿಂತು, "ನಿಮಗೊಬ್ಬರಿಗೇ ಹೇಳಿದ್ದೆನಲ್ಲಾ ಆಪಾ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ನಂಬಿ ಹೇಳಿದ ಮಾತು ಅಮಾನತ್. ಅನುಮತಿ ಕೇಳದೆ, ಸಲಾಮ್ ಹೇಳದೆ ಪರರ ಮನೆಯೊಳಗೆ ಹೋಗಬಾರದೆಂದು ಕುರ್‌ಆನ್‌ನ ಅನ್ನೂರ್ ಅಧ್ಯಾಯ (27) ಕಲಿಸುತ್ತದೆ. ಫಜ್ರ್‌ಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಯಲ್ಲಿ, ಇಶಾದ ನಂತರ ಮನೆಯ ಮಕ್ಕಳೂ ಅನುಮತಿ ಪಡೆದೇ ಒಳಬರಬೇಕೆಂದು ಅದೇ ಅಧ್ಯಾಯದ 58ನೇ ವಚನ ಹೇಳುತ್ತದೆ. ಆದ್ದರಿಂದ ಮನೆಯ ಕಂಪ್ಯೂಟರಿಗೆ ಬೀಗ ಹಾಕಿದರೆ ಮನೆಯವರನ್ನು ಅನುಮಾನಿಸಿದಂತಲ್ಲ. ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವೂ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು.

ಪರದೆ ಕಪ್ಪಾಗುವುದು, ಕಂಪ್ಯೂಟರ್ ನಿದ್ರೆಗೆ ಜಾರುವುದು, ಬೀಗ ಬೀಳುವುದು, ಈ ಮೂರೂ ಬೇರೆ ಬೇರೆ. ನಿದ್ರೆಯಲ್ಲಿ ತೆರೆದಿಟ್ಟ ಕೆಲಸವೆಲ್ಲ ಮೆಮೊರಿಯಲ್ಲಿ ಹಾಗೆಯೇ ಇರುತ್ತದೆ. ಬೀಗವಿಲ್ಲದಿದ್ದರೆ ಎಬ್ಬಿಸಿದವರಿಗೆಲ್ಲ ಕಾಣುತ್ತದೆ. ಆದ್ದರಿಂದ ನಿದ್ರೆಗೆ ಮೊದಲೇ ಬೀಗ ಬೀಳಬೇಕು.

ವಿಂಡೋಸ್‌ನಲ್ಲಿ ಇದು ಸುಲಭ. ಮೊದಲು ಪಾಸ್‌ವರ್ಡ್ ಇಡಿ. ಬಳಿಕ ಸ್ಕ್ರೀನ್ ಸೇವರ್ ಸೆಟ್ಟಿಂಗ್ಸ್ ತೆರೆದು 'ಬ್ಲಾಂಕ್' ಆರಿಸಿ, ಸಮಯ 3 ನಿಮಿಷ ಎಂದಿಟ್ಟು, 'ಆನ್ ರೆಸ್ಯೂಮ್, ಡಿಸ್‌ಪ್ಲೇ ಲಾಗಾನ್ ಸ್ಕ್ರೀನ್' ಎಂಬಲ್ಲಿ ಗುರುತು ಹಾಕಿ. ಪವರ್ ಸೆಟ್ಟಿಂಗ್ಸ್‌ನಲ್ಲಿ ನಿದ್ರೆಯ ಸಮಯ 15 ನಿಮಿಷ ಇರಲಿ. ನಿದ್ರೆಯ ಸಮಯ ಬೀಗದ ಸಮಯಕ್ಕಿಂತ ಹೆಚ್ಚಿರಬೇಕು, ಇದನ್ನು ಮರೆಯಬೇಡಿ. ಲ್ಯಾಪ್‌ಟಾಪ್ ಮುಚ್ಚಿದರೆ ಅದು ಸಾಮಾನ್ಯವಾಗಿ ತಕ್ಷಣ ನಿದ್ರೆಗೆ ಹೋಗುತ್ತದೆ. ಅದಕ್ಕಾಗಿ 'ಸೈನ್-ಇನ್ ಆಪ್ಷನ್ಸ್'ನಲ್ಲಿ, ಎಚ್ಚರವಾದಾಗ ಪಾಸ್‌ವರ್ಡ್ ಕೇಳುವಂತೆ ಮಾಡಿಡಿ.

ಆದರೆ 3 ನಿಮಿಷವೂ ಕೆಲವೊಮ್ಮೆ ಹೆಚ್ಚೇ. ಏಳುವಾಗ ವಿಂಡೋಸ್ ಕೀ ಜೊತೆಗೆ 'ಎಲ್' ಒತ್ತಿದರೆ ಆ ಕ್ಷಣವೇ ಬೀಗ ಬೀಳುತ್ತದೆ.

ಈಗ ಅಝಾನ್ ಕೇಳಿದೊಡನೆ ಮೊದಲು ಆ ಎರಡು ಕೀ ಒತ್ತಿ, ಆಮೇಲೆ ವುಝೂಗೆ ಏಳುತ್ತೇನೆ. ಆ ತಾಯಿಯಲ್ಲಿ ಕ್ಷಮೆ ಕೇಳಿದ್ದೇನೆ. ಅವರು ಕ್ಷಮಿಸಿದರು. ಆದರೆ ಪತ್ರ ಬರೆಸಲು ಮತ್ತೆ ಬಂದಿಲ್ಲ.