ಕಾಡಿಗೆ ಹಚ್ಕೊಂಡ್ರೆ ತಪ್ಪೇನು? (ಹಾಡಿನ ಸರಣಿ, ಭಾಗ 4)

ಇವತ್ತಿಂದು ಸ್ವಲ್ಪ ಉದ್ದ ಇದೆ. ಬಳ್ಳಾರಿ ಬಸ್ಸಲ್ಲಿ ಸೀಟು ಸಿಕ್ಕಾಗ ಓದಿ.

ಹೋದ ವರ್ಷ ಒಂದು ಕಾಲೇಜಿನ ಕಾರ್ಯಕ್ರಮದಲ್ಲಿ ನನ್ನ ಗೆಳೆಯ ಗಿಟಾರ್ ಹಿಡ್ಕೊಂಡು ಸ್ಟೇಜ್ ಹತ್ತಿದ. ಕಣ್ಣಿಗೆ ಕಾಡಿಗೆ. ಮೈಮೇಲೆ ಅವರಮ್ಮನ ಹಳೇ ಮೊಳಕಾಲ್ಮೂರು ರೇಷ್ಮೆ ಸೀರೆ ಕತ್ತರಿಸಿ ಹೊಲಿಸಿದ ಜಾಕೆಟ್. ಹಾಡು ಶುರು ಆಗೋಕ್ಕೂ ಮುಂಚೆನೇ ನಗು. "ಏನ್ಲೇ, ಹುಡುಗಿ ಥರ ಬಂದಿದೀಯ!" ಅಂತ ಹಿಂದಿಂದ ಕೂಗು. ಅರ್ಧ ಹಾಡಿಗೇ ಇಳಿದು ಬಂದ. ಆಮೇಲೆ ಅವನು ಗಿಟಾರ್ ಮುಟ್ಟಿದ್ದು ನಾನಂತೂ ನೋಡಿಲ್ಲ.

ಒಂದು ಮಾತು ಒಪ್ಕೋಬೇಕು. ಅವತ್ತು ನಾನೂ ನಕ್ಕಿದ್ದೆ.

ಆ ನಗು ಯಾಕೆ ತಪ್ಪು ಅಂತ ನನಗೆ ಅರ್ಥ ಆಗಿದ್ದು ಎರಡು ಬ್ಯಾಂಡ್‌ಗಳಿಂದ.

ಮೊದಲನೇದು ಇಟಲಿಯ ಮೋನೆಸ್ಕಿನ್. ರೋಮ್ ನಗರದ ನಾಲ್ಕು ಜನ, ಓದೋ ವಯಸ್ಸಲ್ಲೇ ಬ್ಯಾಂಡ್ ಕಟ್ಟಿ ಬೀದಿಯಲ್ಲಿ ನುಡಿಸ್ತಿದ್ರು. ಬೇಸ್ ಗಿಟಾರ್ ನುಡಿಸೋ ವಿಕ್ಟೋರಿಯಾ ಅವರ ತಾಯಿ ಕಡೆಯವರು ಡೆನ್ಮಾರ್ಕಿನವರು. ಹೆಸರೂ ಡ್ಯಾನಿಷ್ ಪದ, ಅರ್ಥ ಬೆಳದಿಂಗಳು. 2017ರಲ್ಲಿ ಇಟಲಿಯ ಎಕ್ಸ್ ಫ್ಯಾಕ್ಟರ್ ಶೋನಲ್ಲಿ ಗೆಲ್ಲಲಿಲ್ಲ, ಎರಡನೇ ಸ್ಥಾನ. 2021ರಲ್ಲಿ ಸಾನ್‌ರೆಮೋ ಗೆದ್ದು, ಅದೇ ಹಾಡು ತಗೊಂಡು ಯೂರೋವಿಷನ್‌ಗೆ ಹೋದ್ರು. ಹುಡುಗರೂ ಕಣ್ಣಿಗೆ ಕಪ್ಪು ಬಳ್ಕೊಂಡಿದ್ರು, ನಾಲ್ಕೂ ಜನ ಮಿರಮಿರ ಮಿಂಚೋ ಬಟ್ಟೆ. ಹಾಡು ಮಾತ್ರ ಪೂರ್ತಿ ಇಟಾಲಿಯನ್.

ಈಗ ಲೆಕ್ಕ ನೋಡಿ. ತೀರ್ಪುಗಾರರ ಪಟ್ಟಿಯಲ್ಲಿ ಅವರು ನಾಲ್ಕನೇ ಸ್ಥಾನ. ಜನರ ಓಟಿನಲ್ಲಿ ಮೊದಲನೇ ಸ್ಥಾನ. 206 ಮತ್ತು 318, ಒಟ್ಟು 524 ಪಾಯಿಂಟ್, ಕಪ್ ಅವರದ್ದು. ಇಟಲಿ ಅದಕ್ಕೂ ಮುಂಚೆ ಗೆದ್ದಿದ್ದು 1990ರಲ್ಲಿ. ತೀರ್ಪುಗಾರರ ಮುಖ ನೋಡಿ ಹಾಡು ನಿಲ್ಲಿಸಬಾರದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

"ಅದು ಫಾರಿನ್ ಬಿಡಪ್ಪ, ನಮ್ಮಲ್ಲಿ ನಡೆಯಲ್ಲ" ಅಂತೀರಾ? ಅದಕ್ಕೇ ಎರಡನೇ ಬ್ಯಾಂಡ್.

ಬೆಂಗಳೂರಿನ ಸ್ವರಾತ್ಮ. ಶುರುವಾಗಿದ್ದು 2002ರಲ್ಲಿ. ಮುಂದೆ ನಿಂತು ಹಾಡೋರು ವಾಸು ದೀಕ್ಷಿತ್. ಗಿಟಾರ್, ಡ್ರಮ್ಸ್ ಜೊತೆ ಪಿಟೀಲೂ ಇದೆ, ನಮ್ಮ ತಾಳವಾದ್ಯಗಳೂ ಇವೆ. ಬಣ್ಣಬಣ್ಣದ ವೇಷ ಹಾಕ್ಕೊಂಡು ಸ್ಟೇಜಿಗೆ ಬರ್ತಾರೆ. ವಾಸು ಅವರು ಜಾತ್ರೆಯ ಕೀಲುಕುದುರೆ ಥರ ಸೊಂಟಕ್ಕೆ ಕುದುರೆ ಕಟ್ಕೊಂಡು ರಾಕ್ ಹಾಡಿಗೆ ಕುಣಿದಿದ್ದಾರೆ! 2009ರಲ್ಲಿ ಮೊದಲ ಆಲ್ಬಂ, 2012ರಲ್ಲಿ 'ಟೋಪಿವಾಲೇ', 2018ರಲ್ಲಿ 'ರಾಹ್-ಎ-ಫಕೀರಾ'. ಹಿಂದಿ ಹಾಡು ಜಾಸ್ತಿ, ಆದ್ರೆ ಮೊದಲ ಆಲ್ಬಂನಲ್ಲೇ 'ಈ ಭೂಮಿ' ಅಂತ ಕನ್ನಡ ಹಾಡಿದೆ. ಅದೇ ಆಲ್ಬಂನ 'ಪ್ಯಾಸಿ' ಕೇಳಿ. ನೀರಿಗಾಗಿ ನಾವು ಜಗಳ ಆಡ್ತೀವಲ್ಲ, ಆ ಕಾವೇರಿಯೇ ಮಾತಾಡೋ ಹಾಡು. ಮಳೆಗೆ ಆಕಾಶ ನೋಡೋ ನಮ್ಮ ತಾಲ್ಲೂಕಿನವರಿಗೆ ಅದು ಬೇಗ ತಟ್ಟುತ್ತೆ.

ಇನ್ನು ನಮ್ಮ ಮನೆ ಬಾಗಿಲಿಗೇ ಬರೋಣ. ಬಯಲಾಟ ನೋಡಿದೀರಲ್ಲ? ಹಗಲು ಹೊಲದಲ್ಲಿ ಶೇಂಗಾ ಕೀಳೋ ಮಾವ, ರಾತ್ರಿ ಮುಖಕ್ಕೆ ಬಣ್ಣ, ಕಣ್ಣಿಗೆ ಕಾಡಿಗೆ, ಕಿರೀಟ, ಭುಜಕೀರ್ತಿ ಎಲ್ಲಾ ಹಾಕ್ಕೊಂಡು ಬೆಳಗಿನ ಜಾವದವರೆಗೂ ಕುಣೀತಾನೆ. ಹೆಣ್ಣಿನ ಪಾತ್ರ ಎಷ್ಟೋ ಕಡೆ ಗಂಡಸರದ್ದೇ. ಅಲ್ಲಿ ಯಾರೂ ನಗಲ್ಲ. ಅಜ್ಜಿ ದುಡ್ಡು ಮುಯ್ಯಿ ಮಾಡ್ತಾಳೆ. ಇಂಗ್ಲೆಂಡಿನವರು 1970ರ ದಶಕದಲ್ಲಿ ಮಿಂಚೋ ಬಟ್ಟೆ, ಮೇಕಪ್ ಹಾಕಿ ಹಾಡಿ ಅದಕ್ಕೆ ಗ್ಲಾಮ್ ರಾಕ್ ಅಂತ ಹೆಸರಿಟ್ರು. ನಮ್ಮೂರಲ್ಲಿ ಅದಕ್ಕೂ ಮುಂಚಿಂದ ಇರೋದಕ್ಕೆ ನಾವೇ ನಾಚ್ಕೋತೀವಿ. ಗೌರಸಮುದ್ರದ ಮಾರಮ್ಮನ ಜಾತ್ರೆಯಲ್ಲಿ ಉರುಮೆ ಸದ್ದಿಗೆ ಎದೆ ನಡುಗಲ್ವಾ? ಯಾವ ಡ್ರಮ್ ಸೆಟ್ ಅದಕ್ಕಿಂತ ಜೋರು ಹೇಳಿ!

ಹಾಗಂತ ವೇಷ ಒಂದೇ ಸಾಕು ಅಂತ ನಾನು ಹೇಳ್ತಿಲ್ಲ. ಮೋನೆಸ್ಕಿನ್ ಗೆದ್ದಿದ್ದು ಬೀದಿಯಲ್ಲಿ ನುಡಿಸಿ ನುಡಿಸಿ ಕೈ ಪಳಗಿದ್ದಕ್ಕೆ. ಗೆದ್ದ ಮೇಲಿನ ಕಥೆಯನ್ನೂ ನೋಡಬೇಕು. ಅದೇ ವರ್ಷ ಲಾಸ್ ವೇಗಸ್‌ನಲ್ಲಿ ರೋಲಿಂಗ್ ಸ್ಟೋನ್ಸ್‌ಗಿಂತ ಮುಂಚೆ ಸ್ಟೇಜ್ ಹತ್ತಿದ್ರು, 2023ರ ಗ್ರ್ಯಾಮಿಗೆ ಹೊಸ ಕಲಾವಿದರ ವಿಭಾಗದಲ್ಲಿ ನಾಮಿನೇಟ್ ಆದ್ರು. ಆದ್ರೆ 2023ರ 'ರಶ್!' ಆಲ್ಬಂ ಬಹುಪಾಲು ಇಂಗ್ಲಿಷ್. ಆಮೇಲೆ ಹಾಡುಗಾರ ದಾಮಿಯಾನೋ ಒಬ್ಬರೇ ಆಲ್ಬಂ ಮಾಡೋಕೆ ಹೊರಟ್ರು. ನನ್ನ ಅಭಿಪ್ರಾಯ ಇಷ್ಟೇ: ಅವರು ಇಟಾಲಿಯನ್ ಹಾಡಿದಾಗ ಇದ್ದ ಕೆಚ್ಚು ಇಂಗ್ಲಿಷಿನಲ್ಲಿ ಅಷ್ಟು ಕಾಣಲ್ಲ. ನಿಮಗೆ ಬೇರೆ ಅನ್ನಿಸಿದ್ರೆ ಕಾಮೆಂಟಲ್ಲಿ ಜಗಳ ಆಡಿ, ರೆಡಿ ಇದೀನಿ.

ಸ್ವರಾತ್ಮದ ಹೆಸರು ಪ್ರಪಂಚಕ್ಕೆಲ್ಲಾ ಗೊತ್ತಿಲ್ಲ. ಆದ್ರೆ ಮೊದಲ ಆಲ್ಬಂಗೆ ಏಳು ವರ್ಷ ಕಾದು, ಮೂರನೇದರವರೆಗೂ ಬಿಡದೆ ಬಂದ್ರಲ್ಲ, ನನಗೆ ಆ ದಾರಿ ಹೆಚ್ಚು ಇಷ್ಟ. ಒಂದು ರೀಲ್ ಓಡಲಿಲ್ಲ ಅಂತ ಎರಡೇ ವಾರಕ್ಕೆ ಗ್ರೂಪ್ ಡಿಲೀಟ್ ಮಾಡೋ ನಾವು ಇದನ್ನ ಕಲೀಬೇಕು.

ನಮ್ಮ ಹತ್ರ ಜಾಮ್ ರೂಂ ಇಲ್ಲ, ನಿಜ. ಡ್ರಮ್ ಸೆಟ್ ತಗೊಳೋ ದುಡ್ಡೂ ಇಲ್ಲ. ಉರುಮೆ ಇದೆ, ಒಂದು ಗಿಟಾರ್ ಇದೆ, ಮನೆ ಮಾಳಿಗೆ ಇದೆ. ಕನ್ನಡ ಇದೆ, ಅರ್ಧ ಜನಕ್ಕೆ ತೆಲುಗೂ ಇದೆ. ಶುರು ಮಾಡೋಕೆ ಇಷ್ಟು ಸಾಕು.

ಹೋದ ಭಾನುವಾರ ಗೆಳೆಯನ ಮನೆಗೆ ಹೋಗಿ ಸಾರಿ ಕೇಳಿದೆ. ಅವನು ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಒಂದೇ ಷರತ್ತು ಹಾಕಿದ: "ಈ ಸಲ ನಾನೊಬ್ಬನೇ ಕಾಡಿಗೆ ಹಚ್ಚಲ್ಲ. ನೀನೂ ಹಚ್ಕೋಬೇಕು."

ಹಚ್ಕೋತೀನಿ. ನನಗೆ ಉರುಮೆ ಬಾರಿಸೋಕೆ ಇನ್ನೂ ಸರಿಯಾಗಿ ಬರಲ್ಲ, ಕಲೀತಿದೀನಿ. ಇನ್ನಿಬ್ಬರು ಬೇಕು, ಹುಡುಗೀರೂ ಬರಬಹುದು. ಯಾರು ಬರ್ತೀರಾ? ಸ್ಟೇಜ್ ಹತ್ತೋಕೆ ಆಗದವರು ಮುಂದಿನ ಸಾಲಲ್ಲಿ ಕೂತ್ಕೊಳ್ಳಿ. ಹಿಂದಿಂದ ಯಾರಾದ್ರೂ ನಕ್ರೆ ತಿರುಗಿ ಒಂದ್ಸಲ ನೋಡಿ, ಸಾಕು.

ಭಾಗ 5ರಲ್ಲಿ ಸಿಗೋಣ.

#ರಾಂಪುರ #ಮೊಳಕಾಲ್ಮೂರು #ಕನ್ನಡರಾಕ್