ಕ್ಯಾಮೆರಾದ ಹಿಂದಿನ ಮುಖ

ಛಾಯಾಗ್ರಹಣ ನನ್ನ ನಲವತ್ತು ವರ್ಷಗಳ ಹವ್ಯಾಸ. ಆದರೂ ಮನೆಯ ಆಲ್ಬಮ್‌ಗಳಲ್ಲಿ ನಾನಿಲ್ಲ. ಮಗಳ ಮದುವೆಯಲ್ಲಿಯೂ ಕ್ಯಾಮೆರಾದ ಹಿಂದೆಯೇ ಅಡಗಿದ್ದೆ. ನಿವೃತ್ತಿಯ ನಂತರ ಆ ಉಪಾಯ ಸಾಗುತ್ತಿಲ್ಲ. ಪಿಂಚಣಿದಾರರು ಬದುಕಿರುವುದನ್ನು ದೃಢಪಡಿಸುವ ಜೀವನ ಪ್ರಮಾಣಪತ್ರಕ್ಕೆ 2021ರಿಂದ ಮೊಬೈಲಿಗೇ ಮುಖ ತೋರಿಸಬಹುದಾಗಿದೆ. ಮಂಡಿನೋವಿನವರಿಗೆ ಇದು ವರದಾನವೇ ಸರಿ. ಕಳೆದ ನವೆಂಬರ್‌ನಲ್ಲಿ ನಾನೂ ಮೊಬೈಲನ್ನು ನಾಲ್ಕು ಬಾರಿ ಎತ್ತಿ, ನಾಲ್ಕು ಬಾರಿಯೂ ಇಳಿಸಿದೆ. ಕೊನೆಗೆ ಬ್ಯಾಂಕಿಗೇ ನಡೆದೆ.

ಷಿಕಾಗೊದಲ್ಲಿ ಮಕ್ಕಳ ದಾದಿಯಾಗಿದ್ದ ವಿವಿಯನ್ ಮೇಯರ್ (1926–2009) ಅಂಗಡಿಯ ಗಾಜು, ಕನ್ನಡಿ, ನೆಲದ ಮೇಲಿನ ನೆರಳುಗಳಲ್ಲಿ ತಮ್ಮನ್ನೇ ಸೆರೆಹಿಡಿದರು, ಬದುಕಿರುವಾಗ ಪ್ರಕಟಿಸಲಿಲ್ಲ. ಆ ದಾರಿ ನನಗೂ ಒಗ್ಗೀತು. ಆದರೆ ನೆರಳನ್ನು ಕಳುಹಿಸಿದರೆ ಸರ್ಕಾರ ಒಪ್ಪೀತೇ?

ಹಾಗೆ ಕೇಳುವ ನೈತಿಕ ಹಕ್ಕು ನನಗೆಷ್ಟಿದೆಯೋ! ಮತದಾರರಿಗೆ ಭಾವಚಿತ್ರವಿರುವ ಗುರುತಿನ ಚೀಟಿ ಬಂದ ತೊಂಬತ್ತರ ದಶಕದಲ್ಲಿ ನಾನು ಉಪವಿಭಾಗಾಧಿಕಾರಿ. ಶಾಲೆಯ ಜಗಲಿಯಲ್ಲಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕುಳಿತಿದ್ದ ವೃದ್ಧೆಯೊಬ್ಬರಿಗೆ, ‘ಮುಖ ಎತ್ತಮ್ಮ, ಹಿಂದೆ ಜನ ಕಾಯ್ತಿದಾರೆ’ ಎಂದು ಗದರಿದ್ದೆ. ಅವರು ಎತ್ತಿದರು. ಒಂದು ನಿಮಿಷ ಸುಮ್ಮನಿದ್ದರೆ ತಾವಾಗಿಯೇ ಎತ್ತುತ್ತಿದ್ದರೇನೋ.

ಮುಖ ತೋರಲು ಹಿಂಜರಿಯುವವರೆಲ್ಲ ಏನನ್ನೋ ಬಚ್ಚಿಡುತ್ತಿದ್ದಾರೆಂದು ಆಡಳಿತ ಭಾವಿಸಬೇಕಿಲ್ಲ. ಮೊಬೈಲಿನ ಸೌಲಭ್ಯ ಬೆಳೆಯಲಿ, ಖುದ್ದಾಗಿ ಹೋಗಿ ಸಹಿ ಮಾಡುವ ದಾರಿಯನ್ನು ಮಾತ್ರ ಮುಚ್ಚಬಾರದು. ಈ ಬಾರಿ ಕಿಟಕಿಯ ಬೆಳಕು ಎಡಗೆನ್ನೆಗೆ ಬೀಳುವಂತೆ ಕುಳಿತು ನೋಡಬೇಕೆಂದಿದ್ದೇನೆ. ಇತರರನ್ನು ನಾನು ಕೂರಿಸುತ್ತಿದ್ದುದು ಹಾಗೆಯೇ.