ಪೂರ್ವಾಪರ ಕೇಳದೆ ಕೊಳ್ಳಬೇಡಿ

ಹಳೆಯ ವಸ್ತುಗಳನ್ನು ಪ್ರೀತಿಯಿಂದ ಕೂಡಿಡುವ ಸ್ನೇಹಿತರೇ,

ಕಂಪನಿ ಸರ್ಕಾರದ ನಾಣ್ಯ, ಟಿಪ್ಪು ಕಾಲದ ಕತ್ತಿ, ಕೋಟೆಯಲ್ಲಿ ಸಿಕ್ಕ ಫಿರಂಗಿ ಗುಂಡು ಎಂದರೆ ನಿಮ್ಮ ಕಣ್ಣರಳುತ್ತದೆ. ಆ ಅಕ್ಕರೆ ದೊಡ್ಡದು. ಆದರೆ ಎಲ್ಲಿ ಸಿಕ್ಕಿತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಕೇಳದೆ ಕೊಂಡರೆ ಒಂದೋ ನಾವು ಮೋಸ ಹೋಗುತ್ತೇವೆ, ಇಲ್ಲವೇ ಕಳವಿಗೆ ಹಣ ಹಾಕುತ್ತೇವೆ.

ಮೊದಲು ಮೋಸದ ಮಾತು. ಒಂದು ಬದಿಗೆ ಆಂಜನೇಯ ಅಥವಾ ರಾಮದರ್ಬಾರ್, ಇನ್ನೊಂದು ಬದಿಗೆ ‘ಈಸ್ಟ್ ಇಂಡಿಯಾ ಕಂಪನಿ’, ಜೊತೆಗೆ 1616 ಅಥವಾ 1818 ಎಂಬ ಇಸವಿ ಇರುವ ತಾಮ್ರದ ಬಿಲ್ಲೆಗಳನ್ನು ಲಕ್ಷಗಟ್ಟಲೆ ಬೆಲೆಯ ಆಸೆ ತೋರಿಸಿ ಮಾರುತ್ತಾರೆ. ಕಂಪನಿ ಅಂಥ ನಾಣ್ಯವನ್ನು ಟಂಕಿಸಿಯೇ ಇಲ್ಲ. ಮದರಾಸಿನ ಟಂಕಸಾಲೆಯ ವರಹಗಳ ಮೇಲೆ ದೇವರ ರೂಪ ಇದ್ದದ್ದು ನಿಜ. ಆ ಅರ್ಧಸತ್ಯವೇ ಮಾರುವವರ ಬಂಡವಾಳ. ಹಳೆಯ ನಾಣ್ಯ, ನೋಟುಗಳ ವ್ಯವಹಾರದಲ್ಲಿ ತನ್ನ ಹೆಸರು ಹೇಳಿಕೊಂಡು ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಅಸಲಿ ವಸ್ತುವಿಗೆ ಪೂರ್ವಾಪರ ಹೇಗಿರುತ್ತದೆ ನೋಡಿ. ಮದರಾಸಿಗೆ ಕಂಪನಿಯ ತಾಮ್ರದ ಕಾಸುಗಳನ್ನು ಹೊತ್ತು ಹೊರಟ ‘ಅಡ್ಮಿರಲ್ ಗಾರ್ಡ್ನರ್’ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್ವಿನ್ ಮರಳದಿಬ್ಬದಲ್ಲಿ ಮುಳುಗಿತು. 1980ರ ದಶಕದಲ್ಲಿ ಮೇಲೆತ್ತಿದ 1808ರ ಆ ಕಾಸುಗಳು ಯಾವ ಹಡಗಿನವು, ಎಲ್ಲಿಗೆ ಹೊರಟಿದ್ದವು ಎಂಬುದು ಗೊತ್ತು.

ಇನ್ನು ಶ್ರೀರಂಗಪಟ್ಟಣ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಬ್ರಿಟಿಷರ ಸಿಪಾಯಿಗಳು ಊರನ್ನೇ ಸೂರೆ ಮಾಡಿದರು. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅರಮನೆಯಲ್ಲಿ ಸಿಕ್ಕ ಕತ್ತಿಯೊಂದನ್ನು ಸೇನಾಧಿಕಾರಿ ಡೇವಿಡ್ ಬೇರ್ಡ್‌ಗೆ ಕಾಣಿಕೆ ಕೊಟ್ಟರು. ಅದು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ಅಷ್ಟು ಹಣದ ಸುದ್ದಿ ಹಬ್ಬಿದ ಮೇಲೆ ಯಾವುದೋ ಹಳೆಯ ಕತ್ತಿಗೆ ಹುಲಿಪಟ್ಟೆ ಕೊರೆದು ಟಿಪ್ಪುವಿನ ಹೆಸರು ಹಚ್ಚುವುದು ಕಷ್ಟವೇನಲ್ಲ. ಕೊಳ್ಳುವವರಿಗೆ ಆಸರೆ ದಾಖಲೆಯೊಂದೇ.

ಅಸಲಿ ವಸ್ತುವೂ ಸಿಕ್ಕ ಜಾಗದಿಂದ ಕಿತ್ತುಬಂದರೆ ಮೂಕವಾಗುತ್ತದೆ. 2018ರಲ್ಲಿ ಹೊಸನಗರ ತಾಲ್ಲೂಕಿನ ಬಿದನೂರು ನಗರದ ಬತ್ತಿದ ಬಾವಿಯೊಂದರಲ್ಲಿ ರಾಜ್ಯ ಪುರಾತತ್ವ ಇಲಾಖೆಗೆ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ದೊರೆತವು. 1763ರಲ್ಲಿ ಹೈದರಾಲಿ ಗೆದ್ದ ಊರು ಅದು. ಅಲ್ಲಿ, ಒಟ್ಟಿಗೆ ಸಿಕ್ಕಿದ್ದರಿಂದಲೇ ಮೈಸೂರಿನ ರಾಕೆಟ್ ದಳದ ಇತಿಹಾಸಕ್ಕೆ ಅವು ಸಾಕ್ಷಿಯಾದವು. ಯಾರಾದರೂ ಒಂದೊಂದಾಗಿ ಎತ್ತಿ ಮಾರಿದ್ದರೆ ಅವು ಗುಜರಿ ಅಂಗಡಿಯ ತುಕ್ಕು ಹಿಡಿದ ಕೊಳವೆಗಳಾಗುತ್ತಿದ್ದವು.

ಕಾನೂನೂ ಸ್ಪಷ್ಟವಾಗಿದೆ. 1972ರ ಪುರಾವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದಾಚೆ ಸಾಗಿಸುವಂತಿಲ್ಲ. ಶಿಲ್ಪ, ಚಿತ್ರ, ಸಚಿತ್ರ ಹಸ್ತಪ್ರತಿ ಮನೆಯಲ್ಲಿದ್ದರೆ ನೋಂದಾಯಿಸಬೇಕು. ನೆಲದಲ್ಲಿ ಹುದುಗಿದ್ದ ನಿಧಿ ಸಿಕ್ಕರೆ, ನಿಧಿಗಳ ಕುರಿತ ಬೇರೆ ಕಾನೂನಿನಂತೆ ಸರ್ಕಾರಕ್ಕೆ ತಿಳಿಸಬೇಕು.

ಆದ್ದರಿಂದ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಕೊಳ್ಳುವ ಮೊದಲು ಹಿಂದಿನ ಒಡೆಯರು ಯಾರು, ರಸೀದಿ ಎಲ್ಲಿ, ಪರವಾನಗಿ ಇದೆಯೇ ಎಂದು ಕೇಳಿ. ‘ಅಜ್ಜನ ಕಾಲದಿಂದ ಇದೆ’ ಎಂಬ ಮಾತನ್ನೇ ಪುರಾವೆಯಾಗಿ ಒಪ್ಪಬೇಡಿ. ಉತ್ತರ ತಡವರಿಸಿದರೆ ಎಷ್ಟೇ ಅಗ್ಗವಾದರೂ ಬಿಟ್ಟುಬನ್ನಿ. ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ಏನಾದರೂ ಕಂಡರೆ ತೊಳೆಯಬೇಡಿ, ಉಜ್ಜಬೇಡಿ. ಇದ್ದಲ್ಲೇ ಬಿಟ್ಟು, ಫೋಟೊ ತೆಗೆದು ತಹಶೀಲ್ದಾರರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಿ. ನಿಮ್ಮ ಸಂಗ್ರಹದ ಪ್ರತಿ ವಸ್ತು ಎಂದು, ಎಲ್ಲಿ, ಯಾರಿಂದ ಬಂತು ಎಂದು ಒಂದು ಪುಸ್ತಕದಲ್ಲಿ ಇವತ್ತೇ ಬರೆದಿಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ.

ಕೊಳ್ಳುವವರು ಪೂರ್ವಾಪರ ಕೇಳತೊಡಗಿದರೆ ಖೋಟಾ ಮಾಡುವವರಿಗೂ ಕೋಟೆ ಅಗೆಯುವವರಿಗೂ ಗಿರಾಕಿ ಸಿಗುವುದಿಲ್ಲ. ದಯವಿಟ್ಟು ಕೇಳಿ.